ಬೆಳೆ ಪರಿಹಾರ, ಬೆಳೆ ವಿಮೆ, ಪಿಎಂ ಕಿಸಾನ್: ದುಡ್ಡು ಖಾತೆಗೆ ಬರಬೇಕಾದರೆ ಯಾವಾಗ ಏನು ಮಾಡಬೇಕು?

ಬೆಳೆ ಕೈಕೊಟ್ಟ ವರ್ಷ ಹಳ್ಳಿಯಲ್ಲಿ ಕೇಳಿಬರುವ ಪ್ರಶ್ನೆ ಒಂದೇ: "ಬದುವಿನ ಆಚೆಯವರಿಗೆ ಪರಿಹಾರ ಬಂತು, ನಮಗ್ಯಾಕೆ ಬರಲಿಲ್ಲ?" ಕೇಳುವುದು ಡಿಸೆಂಬರ್‌ನಲ್ಲೋ ಜನವರಿಯಲ್ಲೋ. ಆದರೆ ಉತ್ತರ ಹೆಚ್ಚಿನ ಸಲ ಆಗಸ್ಟ್ ಹೊತ್ತಿಗೇ ತೀರ್ಮಾನ ಆಗಿಹೋಗಿರುತ್ತದೆ. ಹೊಲದಲ್ಲಿ ಈರುಳ್ಳಿ ಇತ್ತು, ಸಮೀಕ್ಷೆಯಲ್ಲಿ ಮೆಕ್ಕೆಜೋಳ ಅಂತ ದಾಖಲಾಯಿತು. ಇಲ್ಲವೇ ಪಹಣಿಯಲ್ಲಿ, ಅಂದರೆ ಜಮೀನು ಯಾರದ್ದು, ಯಾವ ಬೆಳೆ ಅಂತ ಹೇಳುವ ಕಂದಾಯ ದಾಖಲೆಯಲ್ಲಿ, ಇನ್ನೂ ತೀರಿಹೋದ ತಾತನ ಹೆಸರೇ ಇತ್ತು. ಇಲ್ಲವೇ ದುಡ್ಡು ಬಂದಿದೆ, ಎಂದೋ ತೆರೆದು ಮರೆತ ಇನ್ನೊಂದು ಖಾತೆಗೆ.

ಅದಕ್ಕೇ ಇಲ್ಲಿ ಒಂದೊಂದು ಯೋಜನೆಯನ್ನು ಬೇರೆ ಬೇರೆಯಾಗಿ ವಿವರಿಸಿಲ್ಲ. ವರ್ಷದಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವ ಕ್ರಮದಲ್ಲಿ ಬರೆದಿದ್ದೇನೆ. ಊರಲ್ಲಿದ್ದು ಬೇಸಾಯ ಮಾಡುವವರಿಗೂ ಆಗುತ್ತದೆ, ಬೆಂಗಳೂರಲ್ಲಿ ಕೂತು ಅಪ್ಪ ಅಮ್ಮನ ಪರವಾಗಿ ಫೋನಿನಲ್ಲೇ ಇದನ್ನೆಲ್ಲ ನೋಡುವ ಮಕ್ಕಳಿಗೂ ಆಗುತ್ತದೆ.

ಮೂರು ದುಡ್ಡು, ಮೂರು ದಾರಿ

ಸರ್ಕಾರದ ದುಡ್ಡು ಅಂದರೆ ಎಲ್ಲವೂ ಒಂದೇ ಅಲ್ಲ. ಇದು ಗೊತ್ತಿಲ್ಲದೆ ಜನ ವಿಮೆಯ ವಿಷಯಕ್ಕೆ ತಾಲೂಕು ಕಚೇರಿಗೂ, ಪರಿಹಾರದ ವಿಷಯಕ್ಕೆ ಬ್ಯಾಂಕಿಗೂ ಸುಮ್ನೆ ಅಲೆಯುತ್ತಾರೆ.

ಪಿಎಂ ಕಿಸಾನ್ ಅನ್ನುವುದು ಜಮೀನು ಇದೆ ಅನ್ನುವ ಕಾರಣಕ್ಕೆ ಬರುವ ದುಡ್ಡು. ವರ್ಷಕ್ಕೆ 6,000 ರೂಪಾಯಿ, ನಾಲ್ಕು ತಿಂಗಳಿಗೊಮ್ಮೆ 2,000ದ ಕಂತು. ಯಾವ ಬೆಳೆ ಇಟ್ಟಿರಿ, ಬಂತೋ ಹೋಯಿತೋ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಇದು ಶುರುವಾದ 2019ರಲ್ಲೇ ರಾಜ್ಯ ಸರ್ಕಾರವೂ ಇದಕ್ಕೆ ವರ್ಷಕ್ಕೆ 4,000 ಸೇರಿಸಿ ಕೊಡಲು ಶುರುಮಾಡಿತ್ತು. 2023ರಲ್ಲಿ ಅದು ನಿಂತಿದೆ. ಹಾಗಾಗಿ "ಮೊದಲು ಹತ್ತು ಸಾವಿರ ಬರ್ತಿತ್ತು, ಈಗ್ಯಾಕೆ ಆರೇ?" ಅಂತ ಯಾರಾದರೂ ಕೇಳಿದರೆ ಉತ್ತರ ಇದು.

ಬೆಳೆ ಪರಿಹಾರ ಅನ್ನುವುದು ಬರ, ಅತಿವೃಷ್ಟಿ, ಪ್ರವಾಹ, ಆಲಿಕಲ್ಲು ಮಳೆಯಿಂದ ಬೆಳೆ ಹಾಳಾದಾಗ ಕಂದಾಯ ಇಲಾಖೆ ಮೂಲಕ ಬರುವುದು. ಇದಕ್ಕೆ ನೀವು ಒಂದು ಪೈಸೆಯನ್ನೂ ಕಟ್ಟಿರಬೇಕಾಗಿಲ್ಲ. ಶೇ. 33 ಅಥವಾ ಅದಕ್ಕಿಂತ ಜಾಸ್ತಿ ಹಾನಿ ಆಗಿರಬೇಕು, ಗರಿಷ್ಠ 2 ಹೆಕ್ಟೇರ್‌ವರೆಗೆ ಮಾತ್ರ.

ಬೆಳೆ ವಿಮೆ ಅನ್ನುವುದು ನೀವು ಪ್ರೀಮಿಯಂ ಕಟ್ಟಿ ಕೊಂಡದ್ದು. ಇದರ ದುಡ್ಡು ಕೊಡುವುದು ವಿಮಾ ಕಂಪನಿ.

ಒಂದು ಬಂದರೆ ಇನ್ನೊಂದು ಬರುವುದಿಲ್ಲ ಅಂತೇನಿಲ್ಲ. ಒಂದೇ ಹೊಲಕ್ಕೆ, ಒಂದೇ ವರ್ಷ, ಪರಿಹಾರವೂ ವಿಮೆಯೂ ಬರಬಹುದು.

ಹಂತ 1: ಪಹಣಿ ತೆಗೆದು ಕೂತು ಓದಿ

ಮುಂಗಾರಿಗೆ ಮುಂಚೆ, ಏಪ್ರಿಲ್–ಮೇನಲ್ಲೇ ಈ ಕೆಲಸ ಮುಗಿಸಿ. ಭೂಮಿ ವೆಬ್‌ಸೈಟಿನಲ್ಲಿ ಪಹಣಿಯನ್ನು ನೋಡಬಹುದು. ನಾಡಕಚೇರಿಯಲ್ಲೂ ಪ್ರತಿ ಸಿಗುತ್ತದೆ. ಉತ್ತರ ಕರ್ನಾಟಕದವರು ಉತಾರ ಅನ್ನುವುದು ಇದನ್ನೇ.

ಬಹಳ ಜನ ಪಹಣಿಯನ್ನು ಬ್ಯಾಂಕಿಗೆ ಕೊಡಲು ತೆಗೆಸುತ್ತಾರೆ, ಓದುವುದಿಲ್ಲ. 9ನೇ ಕಾಲಂನಲ್ಲಿ ಮಾಲೀಕರ ಹೆಸರು ಇರುತ್ತದೆ. 11ರಲ್ಲಿ ಸಾಲ, ಋಣ ಇತ್ಯಾದಿ. 12ರಲ್ಲಿ ಸಾಗುವಳಿದಾರರ ಹೆಸರು, ಬೆಳೆ. ಮೊದಲು ನೋಡಬೇಕಾದದ್ದು 9ನೇ ಕಾಲಂ. ಅಲ್ಲಿ "ರಾಮಪ್ಪ ಬಿನ್ ಹನುಮಂತಪ್ಪ" ಅಂತ ಇದ್ದು, ಆಧಾರ್‌ನಲ್ಲಿ "ರಾಮಣ್ಣ ಎಚ್" ಅಂತ ಇದ್ದರೆ, ಎರಡೂ ಒಬ್ಬರೇ ಅಂತ ನಿಮಗೆ ಗೊತ್ತು, ಕಂಪ್ಯೂಟರ್‌ಗೆ ಗೊತ್ತಿಲ್ಲ. ಹೀಗಿದ್ದರೆ ಗ್ರಾಮ ಆಡಳಿತ ಅಧಿಕಾರಿಯನ್ನು (ನಾವೆಲ್ಲ ಇನ್ನೂ ವಿಎ ಅಂತಲೇ ಕರೆಯುವವರು) ಕಂಡು ಪಹಣಿಗೆ ಆಧಾರ್ ಜೋಡಣೆ ಆಗಿದೆಯೇ ಅಂತ ಕೇಳಿ. ಆಗದಿದ್ದರೆ ಮಾಡಿಸಿ.

ತೀರಿಹೋದವರ ಹೆಸರಿನಲ್ಲೇ ಪಹಣಿ ಇದ್ದರೆ ಪೌತಿ ಖಾತೆ ಆಗಬೇಕು, ಅಂದರೆ ಪಹಣಿ ವಾರಸುದಾರರ ಹೆಸರಿಗೆ ಬದಲಾಗಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರೆಲ್ಲರ ಆಧಾರ್ ಬೇಕು. ಅಣ್ಣತಮ್ಮಂದಿರಲ್ಲಿ ಪಾಲು ಇತ್ಯರ್ಥ ಆಗಿಲ್ಲ ಅಂತ ಎಷ್ಟೋ ಮನೆಗಳಲ್ಲಿ ಇದನ್ನು ವರ್ಷಗಟ್ಟಲೆ ಹಾಗೇ ಬಿಟ್ಟಿರುತ್ತಾರೆ. ಆದರೆ ಪೌತಿ ಖಾತೆಗೆ ಪಾಲು ಆಗಿರಲೇಬೇಕು ಅಂತಿಲ್ಲ. ವಾರಸುದಾರರೆಲ್ಲರ ಹೆಸರಿಗೆ ಜಂಟಿಯಾಗಿ ಮಾಡಿಸಬಹುದು. ಜಗಳ ಇದ್ದರೆ ಇರಲಿ, ಹೆಸರು ಮೊದಲು ಬದಲಾಗಲಿ. ಸತ್ತವರ ಹೆಸರಿಗೆ ಪರಿಹಾರ ಬರುವುದಿಲ್ಲ, ಬಂದರೂ ತೆಗೆಯಲು ಆಗುವುದಿಲ್ಲ.

ಹಂತ 2: ಎಫ್‌ಐಡಿ ಇದೆಯಾ, ಅದರಲ್ಲಿ ಎಲ್ಲ ಸರ್ವೆ ನಂಬರ್ ಇದೆಯಾ?

ಫ್ರೂಟ್ಸ್ ಅನ್ನುವುದು ರಾಜ್ಯ ಸರ್ಕಾರದ ರೈತರ ನೋಂದಣಿ ತಂತ್ರಾಂಶ. ಅದರಲ್ಲಿ ಸಿಗುವ ಗುರುತಿನ ಸಂಖ್ಯೆಯೇ ಎಫ್‌ಐಡಿ. ಪರಿಹಾರ, ವಿಮೆ, ಬೆಂಬಲ ಬೆಲೆ ಖರೀದಿ, ರೈತ ಸಂಪರ್ಕ ಕೇಂದ್ರದ ಬೀಜದ ಸಬ್ಸಿಡಿ, ಎಲ್ಲಕ್ಕೂ ಈಗ ಇದೇ ಬೇಕು. ಇಲ್ಲದವರು ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ತೆಗೆದುಕೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಮಾಡಿಸಬೇಕು. ಪರಿಶಿಷ್ಟ ಜಾತಿ, ಪಂಗಡದವರು ಜಾತಿ ಪ್ರಮಾಣಪತ್ರವನ್ನೂ ಒಯ್ಯಿರಿ.

ಎಫ್‌ಐಡಿ ಇದೆ ಅಂತ ಸುಮ್ಮನಾಗಬೇಡಿ. ಸಮಸ್ಯೆ ಇರುವುದು ಅದರ ಒಳಗೆ. ನಾಲ್ಕು ಕಡೆ ಜಮೀನು ಇರುತ್ತದೆ, ನೋಂದಣಿ ದಿನ ಕೈಯಲ್ಲಿ ಇದ್ದ ಎರಡು ಪಹಣಿ ಮಾತ್ರ ಸೇರಿಸಿರುತ್ತಾರೆ. ಉಳಿದೆರಡು ಹೊಲಕ್ಕೆ ಪರಿಹಾರ ಬರುವ ಮಾತೇ ಇಲ್ಲ. ಬೇರೆ ತಾಲೂಕಿನಲ್ಲಿ ಜಮೀನು ಇದ್ದರೆ ಅದನ್ನೂ ಇದೇ ಎಫ್‌ಐಡಿಗೆ ಸೇರಿಸಬೇಕು. ಹೊಸ ಎಫ್‌ಐಡಿ ಮಾಡಿಸುವುದಲ್ಲ.

ಹಂತ 3: ಆಧಾರ್ ಯಾವ ಬ್ಯಾಂಕಿಗೆ ಅಂಟಿದೆ?

ಸಣ್ಣ ವಿಷಯ, ಆದರೆ ಗೊಂದಲ ಜಾಸ್ತಿ. ಪಾಸ್‌ಬುಕ್ ಪ್ರತಿ ಕೊಟ್ಟ ಖಾತೆಗೇ ದುಡ್ಡು ಬರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆಧಾರ್ ಆಧಾರಿತ ಪಾವತಿಯಲ್ಲಿ ಹಾಗಲ್ಲ. ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆ) ಪಟ್ಟಿಯಲ್ಲಿ ನಿಮ್ಮ ಆಧಾರ್‌ಗೆ ಕೊನೆಯದಾಗಿ ಯಾವ ಬ್ಯಾಂಕ್ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ಸಿಮ್ ಕೊಳ್ಳುವಾಗ ಯಾರೋ ಹೆಬ್ಬೆಟ್ಟು ಒತ್ತಿಸಿಕೊಂಡು ಪೇಮೆಂಟ್ ಬ್ಯಾಂಕ್ ಖಾತೆ ತೆರೆದಿದ್ದರೆ, ದುಡ್ಡು ಅಲ್ಲಿ ಕೂತಿರುತ್ತದೆ.

ಮೈ ಆಧಾರ್ ವೆಬ್‌ಸೈಟಿನಲ್ಲಿ ಆಧಾರ್ ಸಂಖ್ಯೆ, ಓಟಿಪಿ ಹಾಕಿ ಒಳಗೆ ಹೋದರೆ "ಬ್ಯಾಂಕ್ ಸೀಡಿಂಗ್ ಸ್ಟೇಟಸ್" ಅಂತ ಒಂದು ಜಾಗ ಇದೆ. ಅಲ್ಲಿ ಬ್ಯಾಂಕಿನ ಹೆಸರು ತೋರಿಸುತ್ತದೆ. ಬೇಡದ ಬ್ಯಾಂಕ್ ಇದ್ದರೆ, ನಿಮಗೆ ಬೇಕಾದ ಬ್ಯಾಂಕಿಗೆ ಹೋಗಿ "ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ" ಅಂತಲೇ ಕೇಳಿ. "ಆಧಾರ್ ಲಿಂಕ್ ಮಾಡಿ" ಅಂದರೆ ಖಾತೆಗೆ ಆಧಾರ್ ಸೇರಿಸಿ ಕಳಿಸಿಬಿಡಬಹುದು. ಎರಡೂ ಬೇರೆ ಕೆಲಸ. ಅಂದಹಾಗೆ, ಓಟಿಪಿ ಬರುವ ಮೊಬೈಲ್ ನಂಬರ್ ಮನೆಯಲ್ಲೇ ಇರಲಿ. ಹಳೇ ಸಿಮ್ ಬಂದ್ ಆಗಿದ್ದರೆ ಮೊದಲು ಆಧಾರ್ ಕೇಂದ್ರದಲ್ಲಿ ನಂಬರ್ ಬದಲಿಸಿ.

ಹಂತ 4: ಬೆಳೆ ಸಮೀಕ್ಷೆ. ಎಲ್ಲ ಇರುವುದು ಇಲ್ಲೇ

ಈ ಲೇಖನದಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳುತ್ತೇನೆ ಅನ್ನುವವರು ಇದನ್ನು ಇಟ್ಟುಕೊಳ್ಳಿ. ನಿಮ್ಮ ಹೊಲದಲ್ಲಿ ಈ ಹಂಗಾಮಿಗೆ ಯಾವ ಬೆಳೆ ಇದೆ ಅನ್ನುವುದಕ್ಕೆ ಸರ್ಕಾರದ ಬಳಿ ಇರುವ ಸಾಕ್ಷಿ ಇದೊಂದೇ. ಪಹಣಿಯ ಬೆಳೆ ಕಾಲಂ ತುಂಬುವುದು ಇದರಿಂದ. ಪರಿಹಾರದ ಲೆಕ್ಕ ಇದರಿಂದ. ವಿಮೆ ಅರ್ಜಿಯನ್ನು ತಾಳೆ ನೋಡುವುದೂ ಇದರ ಜೊತೆಗೇ. ಬೆಂಬಲ ಬೆಲೆಗೆ ತೊಗರಿ, ಹೆಸರು ಮಾರಲು ಹೋದರೂ ಮೊದಲು ನೋಡುವುದು ಇದನ್ನೇ.

ಸಮೀಕ್ಷೆ ಎರಡು ರೀತಿ ಆಗುತ್ತದೆ. ರೈತರೇ ಮಾಡಬಹುದು. ಅದಕ್ಕೆ ಪ್ರತಿ ಹಂಗಾಮಿಗೂ ಪ್ಲೇ ಸ್ಟೋರ್‌ನಲ್ಲಿ ರೈತರ ಬೆಳೆ ಸಮೀಕ್ಷೆ ಆ್ಯಪ್ ಬರುತ್ತದೆ. 2020ರಿಂದ ಈ ಅವಕಾಶ ಇದೆ. ನೀವು ಮಾಡದೆ ಬಿಟ್ಟರೆ, ಇಲಾಖೆ ನೇಮಿಸಿದ ಸ್ಥಳೀಯ ಹುಡುಗರು, ಅಂದರೆ ಖಾಸಗಿ ನಿವಾಸಿಗಳು, ಬಂದು ಮಾಡುತ್ತಾರೆ. ಒಂದೊಂದು ಊರಲ್ಲಿ ನೂರಾರು ತಾಕು. ಕೆಲವರು ಚೆನ್ನಾಗಿ ಮಾಡುತ್ತಾರೆ. ಕೆಲವರು ರಸ್ತೆ ಬದಿಯ ಹೊಲಕ್ಕೆ ಇಳಿದು, ಹಿಂದಿನ ಹೊಲಗಳನ್ನು ಅಂದಾಜಿನಲ್ಲಿ ತುಂಬಿಬಿಡುತ್ತಾರೆ. ಅವರನ್ನೇ ಬೈದು ಪ್ರಯೋಜನವಿಲ್ಲ, ಕೊಡುವ ದುಡ್ಡೂ ಅಷ್ಟಕ್ಕಷ್ಟೆ. ಅದಕ್ಕೇ ನನ್ನ ಸಲಹೆ: ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದರೆ ನೀವೇ ಮಾಡಿ. ಇಲ್ಲದಿದ್ದರೆ ಆ ಹುಡುಗನಿಗೆ ಮೊದಲೇ ಫೋನ್ ಮಾಡಿ, "ತಮ್ಮಾ, ನಮ್ಮ ಹೊಲಕ್ಕೆ ಬರೋ ದಿನ ಹೇಳು, ನಾನೂ ಬರ್ತೀನಿ" ಅಂತ ಹೇಳಿಟ್ಟಿರಿ.

ನೀವೇ ಮಾಡುವಾಗ ಆ್ಯಪ್‌ನಲ್ಲಿ ಸರ್ವೆ ನಂಬರ್, ಹಿಸ್ಸಾ (ಸರ್ವೆ ನಂಬರಿನ ಒಳಭಾಗ) ಆರಿಸಿ, ಹೊಲದ ಒಳಗೆ ನಿಂತು ಫೋಟೊ ತೆಗೆಯಬೇಕು. ಆ್ಯಪ್ ನೀವು ನಿಂತ ಜಾಗವನ್ನೂ ನೋಡುತ್ತದೆ. ಬದುವಿನ ಮೇಲೆ ನಿಂತರೆ ಪಕ್ಕದ ನಂಬರ್ ತೋರಿಸಬಹುದು, ಸ್ವಲ್ಪ ಒಳಗೆ ಹೋಗಿ. ಫೋಟೊದಲ್ಲಿ ಬೆಳೆ ಕಾಣಬೇಕು. ಬರೀ ಆಕಾಶ, ಬರೀ ಮಣ್ಣು ಬೇಡ.

ಅಕ್ಕಡಿ, ಅಂದರೆ ಮುಖ್ಯ ಬೆಳೆಯ ನಡುವೆ ಇನ್ನೊಂದು ಬೆಳೆಯ ಸಾಲು, ಹಾಕಿದ್ದರೆ ಜಾಗ್ರತೆ. ಹತ್ತಿ ನಡುವೆ ತೊಗರಿ ಸಾಲು ಇದ್ದರೆ ಎರಡನ್ನೂ ಹಾಕಿ, ಯಾವುದು ಎಷ್ಟು ಗುಂಟೆ ಅಂತ ಹಂಚಿ. ಮುಖ್ಯ ಬೆಳೆ ಮಾತ್ರ ಹಾಕಿ ಬಿಟ್ಟರೆ ತೊಗರಿ ಮಾರಲು ಹೋದಾಗ "ನಿಮ್ಮ ಹೊಲದಲ್ಲಿ ತೊಗರಿನೇ ಇಲ್ಲವಲ್ಲ" ಅನ್ನುತ್ತಾರೆ.

ನೀರಾವರಿ ಕಾಲಂ ಕೂಡ ಸುಮ್ನೆ ಒತ್ತಿ ಮುಂದೆ ಹೋಗುವಂಥದ್ದಲ್ಲ. ಪರಿಹಾರದ ದರ ಮಳೆಯಾಶ್ರಿತಕ್ಕೆ ಬೇರೆ, ನೀರಾವರಿಗೆ ಬೇರೆ. ಬೋರ್‌ವೆಲ್ ನೀರಲ್ಲಿ ಬೆಳೆದದ್ದು ಮಳೆಯಾಶ್ರಿತ ಅಂತ ದಾಖಲಾದರೆ ಬರುವ ದುಡ್ಡು ಅರ್ಧಕ್ಕೆ ಇಳಿಯುತ್ತದೆ.

ಸಮೀಕ್ಷೆ ಆದ ಮೇಲೆ "ಬೆಳೆ ದರ್ಶಕ" ಆ್ಯಪ್ ತೆರೆಯಿರಿ. ವರ್ಷ, ಹಂಗಾಮು, ಊರು, ಸರ್ವೆ ನಂಬರ್ ಕೊಟ್ಟರೆ ನಿಮ್ಮ ಹೊಲಕ್ಕೆ ಏನು ದಾಖಲಾಗಿದೆ, ಎಷ್ಟು ವಿಸ್ತೀರ್ಣ ಅಂತ ಫೋಟೊ ಸಮೇತ ಸಿಗುತ್ತದೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಅದಕ್ಕೆ ಕೊನೇ ದಿನ ಇರುತ್ತದೆ. ಬೆಳೆ ಹೊಲದಲ್ಲಿ ನಿಂತಿರುವಾಗಲೇ ಹಾಕಿ. ಕಟಾವು ಆದ ಮೇಲೆ ಬಂದು ನೋಡುವವರಿಗೆ ಕಾಣುವುದು ಕೂಳೆ ಮಾತ್ರ, ಅಲ್ವಾ?

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಪರಿಹಾರ ಜಾಸ್ತಿ ಬರಲಿ ಅಂತ ಇಲ್ಲದ ಬೆಳೆ ಹಾಕಿಸುವವರೂ ಇದ್ದಾರೆ. ಫೋಟೊ ಇರುತ್ತದೆ, ಜಾಗದ ಗುರುತು ಇರುತ್ತದೆ. ಸಿಕ್ಕಿಬಿದ್ದರೆ ಬರಬೇಕಾದ ದುಡ್ಡೂ ನಿಲ್ಲುತ್ತದೆ.

ಹಂತ 5: ವಿಮೆ ಕಟ್ಟುವುದು

ಪ್ರಧಾನಮಂತ್ರಿ ಫಸಲ್ ಬಿಮಾ 2016ರ ಮುಂಗಾರಿನಿಂದ ಇದೆ. ರೈತರು ಕಟ್ಟುವುದು ವಿಮಾ ಮೊತ್ತದ ಮೇಲೆ ಮುಂಗಾರಿಗೆ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ. 5ರವರೆಗೆ. ಉಳಿದದ್ದು ಕೇಂದ್ರ, ರಾಜ್ಯ ಸರ್ಕಾರಗಳದ್ದು. 2020ರ ಮುಂಗಾರಿನಿಂದ ಬೆಳೆ ಸಾಲ ತೆಗೆದವರಿಗೂ ಇದು ಕಡ್ಡಾಯವಲ್ಲ. ಆದರೆ ಬೇಡ ಅನ್ನುವವರು ಕೊನೇ ದಿನಕ್ಕೆ ಏಳು ದಿನ ಮುಂಚೆ ಬ್ಯಾಂಕಿಗೆ ಬರೆದುಕೊಡಬೇಕು. ಕೊಡದಿದ್ದರೆ ಪ್ರೀಮಿಯಂ ಕಡಿತ ಆಗುತ್ತದೆ.

ಕೊನೇ ದಿನ ಬೆಳೆಯಿಂದ ಬೆಳೆಗೆ ಬದಲಾಗುತ್ತದೆ. ರಾಜ್ಯದ "ಸಂರಕ್ಷಣೆ" ವೆಬ್‌ಸೈಟಿನಲ್ಲಿ ನಿಮ್ಮ ಊರಿಗೆ ಯಾವ ಬೆಳೆಗೆ ವಿಮೆ ಇದೆ, ಕೊನೇ ದಿನ ಯಾವುದು, ಎಕರೆಗೆ ಎಷ್ಟು ಅಂತ ನೋಡಬಹುದು. ಗ್ರಾಮ ಒನ್, ಸಾಮಾನ್ಯ ಸೇವಾ ಕೇಂದ್ರ, ಬ್ಯಾಂಕ್, ಸಹಕಾರ ಸಂಘದಲ್ಲಿ ಕಟ್ಟಬಹುದು. ಸೇವಾ ಕೇಂದ್ರದಲ್ಲಿ ನೀವು ಕೊಡಬೇಕಾದದ್ದು ಪ್ರೀಮಿಯಂ ಮಾತ್ರ. ಮೇಲೆ ಕೇಳಿದರೆ ಕೊಡಬೇಡಿ.

ಬ್ಯಾಂಕಿನಲ್ಲಿ ಸಾಲ ಇರುವವರಿಗೆ ಒಂದು ಅಪಾಯ ಇದೆ. ಸಾಲ ತೆಗೆಯುವಾಗ ಬರೆಸಿದ ಬೆಳೆಗೇ ಪ್ರತಿವರ್ಷ ವಿಮೆ ಕಟ್ಟುತ್ತಾ ಹೋಗುತ್ತಾರೆ. ನೀವು ಈ ವರ್ಷ ಹತ್ತಿ ಬಿಟ್ಟು ಮೆಕ್ಕೆಜೋಳ ಹಾಕಿರುತ್ತೀರಿ. ವಿಮೆ ಹತ್ತಿಗೆ, ಸಮೀಕ್ಷೆ ಮೆಕ್ಕೆಜೋಳಕ್ಕೆ. ತಾಳೆ ಆಗುವುದಿಲ್ಲ, ಅರ್ಜಿ ತಿರಸ್ಕೃತ. ಬೆಳೆ ಬದಲಿಸಿದ್ದರೆ ಕೊನೇ ದಿನಕ್ಕೆ ಮುಂಚೆಯೇ ಬ್ಯಾಂಕಿಗೆ ತಿಳಿಸಿ, ರಸೀದಿಯಲ್ಲಿ ಬೆಳೆ ಹೆಸರು ಸರಿಯಾಗಿದೆಯೇ ನೋಡಿ.

ವಿಮೆ ದುಡ್ಡು ಲೆಕ್ಕ ಹಾಕುವ ಬಗೆ ಗೊತ್ತಿದ್ದರೆ ಅರ್ಧ ಸಿಟ್ಟು ಕಡಿಮೆ ಆಗುತ್ತದೆ. ನಿಮ್ಮ ಒಂದು ಹೊಲ ನೋಡಿ ಕೊಡುವುದಿಲ್ಲ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ ಒಂದು ಘಟಕ. ಅಲ್ಲಿ ಆಯ್ದ ಕೆಲವು ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಸರಾಸರಿ ಇಳುವರಿ ತೆಗೆಯುತ್ತಾರೆ. ಹಿಂದಿನ ಏಳು ವರ್ಷಗಳಲ್ಲಿ ಒಳ್ಳೆಯ ಐದು ವರ್ಷದ ಸರಾಸರಿಯಿಂದ ಖಾತರಿ ಇಳುವರಿ ಹಾಕಿರುತ್ತಾರೆ. ಉದಾಹರಣೆಗೆ, ಖಾತರಿ ಹೆಕ್ಟೇರಿಗೆ 6 ಕ್ವಿಂಟಲ್, ಈ ವರ್ಷ ಬಂದದ್ದು 4.5 ಅಂತಿಟ್ಟುಕೊಳ್ಳಿ. ಕೊರತೆ ಕಾಲು ಭಾಗ. ವಿಮಾ ಮೊತ್ತ 40,000 ಇದ್ದರೆ ಬರುವುದು 10,000. ನಿಮ್ಮ ಹೊಲ ಪೂರ್ತಿ ಒಣಗಿದ್ದರೂ ಪಂಚಾಯಿತಿ ಸರಾಸರಿ ಚೆನ್ನಾಗಿದ್ದರೆ ಏನೂ ಬರುವುದಿಲ್ಲ. ಅನ್ಯಾಯ ಅನ್ನಿಸುತ್ತದೆ, ನನಗೂ ಅನ್ನಿಸುತ್ತದೆ. ಆದರೆ ನಿಯಮ ಇರುವುದು ಹಾಗೆ. ನಿಮ್ಮ ಊರಲ್ಲಿ ಕಟಾವು ಪ್ರಯೋಗ ನಡೆಯುವ ದಿನ ಹೊಲದ ಹತ್ತಿರ ಹೋಗಿ ನಿಲ್ಲುವುದೇ ಊರಿನವರು ಮಾಡಬಹುದಾದ ದೊಡ್ಡ ಕೆಲಸ.

ಮಲೆನಾಡಿನ ಅಡಿಕೆ, ಕಾಳುಮೆಣಸಿಗೆ ಲೆಕ್ಕ ಬೇರೆ. ಅಲ್ಲಿ ಹವಾಮಾನ ಆಧಾರಿತ ವಿಮೆ. ಇಳುವರಿ ನೋಡುವುದಿಲ್ಲ, ಮಳೆಮಾಪಕದ ಅಂಕಿ ನೋಡುತ್ತಾರೆ. ನಿಮ್ಮ ಪಂಚಾಯಿತಿಯ ಮಳೆಮಾಪಕ ಕೆಟ್ಟು ನಿಂತಿದ್ದರೆ ಮಳೆಗಾಲದಲ್ಲೇ ದೂರು ಕೊಡಿ.

ಹಂತ 6: ಬೆಳೆ ಹಾಳಾದ ದಿನ

ಆಲಿಕಲ್ಲು ಬಿತ್ತು, ಹೊಲಕ್ಕೆ ನೀರು ನುಗ್ಗಿತು, ಗುಡ್ಡ ಜಾರಿತು. ಇಂಥ ಹಾನಿಯಲ್ಲಿ ವಿಮೆಯವರು ನಿಮ್ಮ ಹೊಲವನ್ನೇ ನೋಡಿ ಕೊಡುತ್ತಾರೆ. ಆದರೆ 72 ಗಂಟೆಯೊಳಗೆ ತಿಳಿಸಬೇಕು. 14447ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕೊಯ್ದು ಒಣಗಲು ಹಾಕಿದ ಬೆಳೆ ಮಳೆಗೆ ನೆನೆದರೂ, ಕೊಯ್ದ 14 ದಿನದೊಳಗಾದರೆ, ಇದೇ ನಿಯಮ. ಪಂಚಾಯಿತಿಯಲ್ಲಿ ಹೇಳಿದೆ, ವಿಎಗೆ ಹೇಳಿದೆ ಅನ್ನುವುದು ವಿಮೆಗೆ ಲೆಕ್ಕವಿಲ್ಲ.

ಪರಿಹಾರಕ್ಕೆ ದಾರಿ ಬೇರೆ. ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರು ಸೇರಿ ಜಂಟಿ ಸಮೀಕ್ಷೆ ಮಾಡುತ್ತಾರೆ. ಆಮೇಲೆ ಹಾನಿ ಆದವರ ಪಟ್ಟಿ ಪಂಚಾಯಿತಿ, ನಾಡಕಚೇರಿ ಬೋರ್ಡಿಗೆ ಬರುತ್ತದೆ. ಆ ಪಟ್ಟಿಯನ್ನು ಹೋಗಿ ನೋಡಿ, ಫೋಟೊ ತೆಗೆದುಕೊಳ್ಳಿ. ಹೆಸರು ಇಲ್ಲದಿದ್ದರೆ ಪಟ್ಟಿ ಬೋರ್ಡಿನಲ್ಲಿರುವಾಗಲೇ ಅರ್ಜಿ ಕೊಡಬೇಕು.

2022ರಿಂದ ಜಾರಿಯಾದ ವಿಪತ್ತು ಪರಿಹಾರ ನಿಯಮದಲ್ಲಿ ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ನಮ್ಮ ಲೆಕ್ಕ ಎಕರೆಯಲ್ಲಿ ಅಲ್ವಾ? ಒಂದು ಹೆಕ್ಟೇರ್ ಅಂದರೆ ಸುಮಾರು 2 ಎಕರೆ 19 ಗುಂಟೆ. ಹಾಗಾಗಿ ಎಕರೆಗೆ ಸುಮಾರು 3,440, 6,880, 9,100 ಬರುತ್ತದೆ. ಮೂರೂಕಾಲು ಎಕರೆ ಖುಷ್ಕಿಗೆ (ಮಳೆಯಾಶ್ರಿತ ಜಮೀನಿಗೆ) 11,000ದ ಆಸುಪಾಸು. ಇದು ಬೀಜ ಗೊಬ್ಬರದ ಖರ್ಚಿಗೂ ಸಾಲುವುದಿಲ್ಲ ಅನ್ನುವುದು ನಿಜ. ರಾಜ್ಯ ಸರ್ಕಾರ ಕೆಲವೊಮ್ಮೆ ಮೇಲೆ ಸೇರಿಸುತ್ತದೆ. 2025ರ ಅತಿವೃಷ್ಟಿಗೆ ಹೆಕ್ಟೇರಿಗೆ 8,500 ಹೆಚ್ಚುವರಿ ಘೋಷಿಸಿತ್ತು.

ಕಂತಿನ ಬಗ್ಗೆ ಒಂದು ಮಾತು. 2023ರ ಬರದಲ್ಲಿ 223 ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದ್ದರು. ಮೊದಲು ರಾಜ್ಯದ ದುಡ್ಡಲ್ಲಿ ಗರಿಷ್ಠ 2,000 ಕೊಟ್ಟರು. ಕೇಂದ್ರದ ದುಡ್ಡು ಬಂದ ಮೇಲೆ ಉಳಿದದ್ದು ಬಂತು. "ನನಗೆ ಎರಡು ಸಾವಿರ ಕಡಿಮೆ ಬಂದಿದೆ" ಅಂತ ಜಗಳಕ್ಕೆ ಹೋಗುವ ಮುಂಚೆ ಹಳೇ ಪಾಸ್‌ಬುಕ್ ನೋಡಿ.

ಹಂತ 7: ದುಡ್ಡು ಬಂದಿಲ್ಲ ಅಂದರೆ

ಮೊದಲು ಎಲ್ಲಿ ನಿಂತಿದೆ ಅಂತ ಫೋನಿನಲ್ಲೇ ಹುಡುಕಿ. ಸರ್ಕಾರದ ದುಡ್ಡು ನೇರ ಖಾತೆಗೆ ಹೋದದ್ದನ್ನು ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಆಧಾರ್, ಓಟಿಪಿ ಹಾಕಿದರೆ ರಾಜ್ಯದಿಂದ ಯಾವ ದುಡ್ಡು, ಯಾವ ದಿನ, ಯಾವ ಖಾತೆಗೆ ಹೋಗಿದೆ ಅಂತ ಬರುತ್ತದೆ. ಪರಿಹಾರಕ್ಕೆ ಕಂದಾಯ ಇಲಾಖೆಯ "ಪರಿಹಾರ" ಪುಟ, ವಿಮೆಗೆ ಸಂರಕ್ಷಣೆ.

ಪಿಎಂ ಕಿಸಾನ್ ವೆಬ್‌ಸೈಟಿನಲ್ಲಿ ನೋಂದಣಿ ಸಂಖ್ಯೆ ಹಾಕಿದಾಗ ಮೂರು ಸಾಲು ನೋಡಿ: ಲ್ಯಾಂಡ್ ಸೀಡಿಂಗ್ (ಜಮೀನಿನ ದಾಖಲೆ ಜೋಡಣೆ), ಇ-ಕೆವೈಸಿ (ಗುರುತು ದೃಢೀಕರಣ), ಆಧಾರ್ ಬ್ಯಾಂಕ್ ಸೀಡಿಂಗ್. ಮೂರಕ್ಕೂ "ಎಸ್" ಇರಬೇಕು. ಮೊದಲನೆಯದು "ನೋ" ಇದ್ದರೆ ರೈತ ಸಂಪರ್ಕ ಕೇಂದ್ರ, ಎರಡನೆಯದಕ್ಕೆ ಆ್ಯಪ್ ಅಥವಾ ಸೇವಾ ಕೇಂದ್ರ, ಮೂರನೆಯದಕ್ಕೆ ಬ್ಯಾಂಕ್. ಬೆರಳಚ್ಚು ಸವೆದ ಹಿರಿಯರಿಗೆ ಆ್ಯಪ್‌ನಲ್ಲಿ ಮುಖ ತೋರಿಸಿ ಕೆವೈಸಿ ಮಾಡುವ ಸೌಲಭ್ಯ ಇದೆ. ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು (ಡಿ ದರ್ಜೆ ಬಿಟ್ಟು), ತಿಂಗಳಿಗೆ 10,000 ಅಥವಾ ಅದಕ್ಕಿಂತ ಜಾಸ್ತಿ ಪಿಂಚಣಿ ಪಡೆಯುವವರು ಇದಕ್ಕೆ ಅರ್ಹರಲ್ಲ. ಬಂದಿದ್ದರೂ ವಾಪಸ್ ಕೇಳುತ್ತಾರೆ. ವಾಟ್ಸಾಪ್‌ನಲ್ಲಿ "ಪಿಎಂ ಕಿಸಾನ್" ಹೆಸರಿನ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಮುಟ್ಟಬೇಡಿ, ಖಾತೆಯೇ ಖಾಲಿ ಆಗುತ್ತದೆ.

ದುಡ್ಡು ಬಂದು ಬ್ಯಾಂಕ್ ಸಾಲಕ್ಕೆ ಹಿಡಿದುಕೊಂಡರೆ? ಬರ ಪರಿಹಾರವನ್ನು ಸಾಲಕ್ಕೆ ಜಮಾ ಮಾಡಿಕೊಳ್ಳಬೇಡಿ ಅಂತ 2024ರಲ್ಲಿ ಸರ್ಕಾರವೇ ಬ್ಯಾಂಕುಗಳಿಗೆ ಹೇಳಿತ್ತು. ಮ್ಯಾನೇಜರ್‌ಗೆ ಬಾಯಿಮಾತಲ್ಲಿ ಹೇಳಬೇಡಿ, ಬರೆದು ಕೊಡಿ, ಒಂದು ಪ್ರತಿ ತಹಶೀಲ್ದಾರರಿಗೂ ಕೊಡಿ.

ಅರ್ಜಿ ಉದ್ದ ಬೇಡ. ಹೆಸರು, ಎಫ್‌ಐಡಿ, ಊರು, ಸರ್ವೆ ನಂಬರ್ ಮತ್ತು ಹಿಸ್ಸಾ, ಹಂಗಾಮು, ಬೆಳೆ, ವಿಸ್ತೀರ್ಣ, ಏನು ತಪ್ಪಾಗಿದೆ ಅನ್ನುವ ಒಂದು ಸಾಲು. ಜೊತೆಗೆ ಬೆಳೆ ದರ್ಶಕದ ಸ್ಕ್ರೀನ್‌ಶಾಟ್, ವಿಮೆ ರಸೀದಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಮೊಹರು, ದಿನಾಂಕ ಹಾಕಿಸಿಕೊಂಡೇ ಹೊರಗೆ ಬನ್ನಿ.

ಗೇಣಿ, ಕೋರು ಮಾಡುವವರಿಗೆ

ಬೇರೆಯವರ ಹೊಲವನ್ನು ಗೇಣಿಗೋ, ಬೆಳೆಯ ಪಾಲಿಗೋ (ಕೋರು) ಮಾಡುವವರಿಗೆ ದಾರಿ ಕಷ್ಟ. ಉಳುವವನಿಗೇ ಭೂಮಿ ಅನ್ನುವ ಭೂ ಸುಧಾರಣೆ ಕಾಯ್ದೆಯ ಭಯದಿಂದ ಮಾಲೀಕರು ಗೇಣಿಯನ್ನು ಕಾಗದದಲ್ಲಿ ಬರೆದುಕೊಡಲು ಒಪ್ಪುವುದಿಲ್ಲ. ಪಿಎಂ ಕಿಸಾನ್ ಮಾಲೀಕರಿಗೆ ಮಾತ್ರ. ಪರಿಹಾರವೂ ಪಹಣಿ ಇದ್ದವರ ಖಾತೆಗೇ ಹೋಗುತ್ತದೆ. ವಿಮೆಯಲ್ಲಿ ಗೇಣಿದಾರರಿಗೂ ಅವಕಾಶ ಇದೆ, ಆದರೆ ಕಾಗದ ಕೇಳುತ್ತಾರೆ. ಬಿತ್ತನೆಗೆ ಮುಂಚೆ, ಗೇಣಿ ಮಾತಾಡುವ ದಿನವೇ, "ಬೆಳೆ ಹೋಗಿ ಪರಿಹಾರ ಬಂದರೆ ಯಾರಿಗೆ ಎಷ್ಟು?" ಅಂತ ಇಬ್ಬರು ಹಿರಿಯರ ಮುಂದೆ ಮಾತು ಮಾಡಿಕೊಳ್ಳಿ. ದುಡ್ಡು ಮಾಲೀಕರ ಖಾತೆಗೆ ಬಿದ್ದ ಮೇಲೆ ಕೇಳಿದರೆ ಸಂಬಂಧವೂ ಕೆಡುತ್ತದೆ, ದುಡ್ಡೂ ಸಿಗುವುದಿಲ್ಲ.